ಕ್ಯಾಟಕೂಂಬ್: ನೆಲದಡಿಯ ಸಮಾಧಿಗಳು ಮತ್ತು ಅವುಗಳ ಹೆಸರಿನ ಅರ್ಥ

ಯೂರೋಪಿನ ಪ್ರವಾಸ ಮುಗಿಸಿಕೊಂಡು ಶ್ರೀಮಠಕ್ಕೆ ಬರುವ ಭಕ್ತರು ತಾವು ಕಂಡ ಅರಮನೆ, ಸೇತುವೆ, ಇಗರ್ಜಿಗಳನ್ನು ವರ್ಣಿಸುತ್ತಾ ರೋಮ್ ನಗರದ ನೆಲದಡಿಯ ಸಮಾಧಿಗಳ ಪ್ರಸ್ತಾಪಕ್ಕೆ ಬಂದಾಗ ದನಿ ತಗ್ಗಿಸುವುದನ್ನು ನಾವು ಗಮನಿಸಿದ್ದೇವೆ. "ಬುದ್ಧಿ, ಅಲ್ಲಿಯೂ ನಮ್ಮ ಹಾಗೆ ಹೂಳುತ್ತಿದ್ದರಂತೆ. ಮೈಲುಗಟ್ಟಲೆ ಸುರಂಗ, ಎರಡೂ ಕಡೆ ಗೂಡುಗಳು. ಅದಕ್ಕೆ ಕ್ಯಾಟಕೂಂಬ್ ಎನ್ನುತ್ತಾರೆ. ಹಾಗೆಂದರೆ ಏನು ಬುದ್ಧಿ?" ಎಂದು ಕೇಳುತ್ತಾರೆ. ಪ್ರಶ್ನೆ ಚಿಕ್ಕದು. ಆದರೆ ಉತ್ತರ ಹುಡುಕುತ್ತಾ ಹೋದರೆ ಸತ್ತವರನ್ನು ಮನುಷ್ಯ ಏನೆಂದು ಭಾವಿಸುತ್ತಾನೆ ಎಂಬ ದೊಡ್ಡ ಪ್ರಶ್ನೆಯ ಬಾಗಿಲಿಗೆ ಬಂದು ನಿಲ್ಲುತ್ತೇವೆ. ಆದ್ದರಿಂದ ಆ ಸಮಾಧಿಗಳ ಇತಿಹಾಸವನ್ನೂ ಹೆಸರಿನ ಅರ್ಥವನ್ನೂ ಇಲ್ಲಿ ಸ್ವಲ್ಪ ವಿಸ್ತಾರವಾಗಿ ವಿವರಿಸಲು ಬಯಸುತ್ತೇವೆ.

ಒಂದು ಸ್ಥಳದ ಗುರುತು

ಇಂದು ನೆಲದಡಿಯ ಯಾವುದೇ ಸಮಾಧಿ ಸಮುಚ್ಚಯಕ್ಕೆ ಕ್ಯಾಟಕೂಂಬ್ ಎಂಬ ಹೆಸರು ಸಲ್ಲುತ್ತದೆ. ಮೂಲದಲ್ಲಿ ಅದು ಸಮಾಧಿಯ ಹೆಸರೇ ಆಗಿರಲಿಲ್ಲ. ರೋಮ್ ನಗರದಿಂದ ದಕ್ಷಿಣಕ್ಕೆ ಹೊರಡುವ ಆಪ್ಪಿಯಾ ಹೆದ್ದಾರಿಯಲ್ಲಿ, ನಗರದಿಂದ ಎರಡು ಮೂರು ಮೈಲು ದೂರದಲ್ಲಿ ಒಂದು ತಗ್ಗು ಪ್ರದೇಶವಿತ್ತು. ಅಲ್ಲಿ ಹಿಂದೆ ಕಟ್ಟಡ ಕೆಲಸಕ್ಕೆ ಬೇಕಾದ ಜ್ವಾಲಾಮುಖಿಯ ಮಣ್ಣನ್ನು ತೋಡಿ ತೆಗೆದಿದ್ದರಿಂದ ನೆಲವೆಲ್ಲ ಹಳ್ಳಬಿದ್ದಿತ್ತು. ಆ ಜಾಗವನ್ನು ಲ್ಯಾಟಿನ್ ಭಾಷೆಯಲ್ಲಿ 'ಆದ್ ಕಾತಾಕುಂಬಾಸ್' ಎಂದು ಗುರುತಿಸುತ್ತಿದ್ದರು. ಅಲ್ಲಿ ಸಂತ ಸೆಬಾಸ್ಟಿಯನ್ನನ ಸಮಾಧಿಯಿದೆ. ಸಮೀಪದಲ್ಲಿಯೇ ಮಾಕ್ಸೆಂಟಿಯಸ್ ಚಕ್ರವರ್ತಿ ಕಟ್ಟಿಸಿದ ರಥಸ್ಪರ್ಧೆಯ ಅಂಗಳವಿದೆ. ಕ್ರಿ.ಶ. 354ರ ಒಂದು ಪ್ರಸಿದ್ಧ ಪಂಚಾಂಗ ಸಂಕಲನದಲ್ಲಿ ಆ ಅಂಗಳವನ್ನೂ ಇದೇ ಸ್ಥಳನಾಮದಿಂದ ಗುರುತಿಸಲಾಗಿದೆ. ರಥಗಳು ಓಡುವ ಅಂಗಳಕ್ಕೂ ಸಮಾಧಿಗೂ ಒಂದೇ ಹೆಸರು ಸಂದಿರುವಾಗ, ಆ ಹೆಸರು ಸೂಚಿಸಿದ್ದು ಜಾಗವನ್ನೇ ಹೊರತು ಸಾವನ್ನಲ್ಲ ಎಂಬುದು ಸ್ಪಷ್ಟ.

ಶಬ್ದದ ವ್ಯುತ್ಪತ್ತಿಯ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹೆಚ್ಚು ಪ್ರಚಲಿತವಾದ ವಿವರಣೆಯಂತೆ ಅದು ಗ್ರೀಕ್ ಭಾಷೆಯ 'ಕಾತಾ' ಮತ್ತು 'ಕುಂಬೆ' ಎಂಬೆರಡು ಶಬ್ದಗಳಿಂದ ಬಂದದ್ದು. ಕುಂಬೆ ಎಂದರೆ ಬಟ್ಟಲು, ಬಟ್ಟಲಿನಂಥ ಕುಳಿ. ಒಟ್ಟು ಅರ್ಥ 'ಕುಳಿಗಳ ಬಳಿ' ಎಂದಾಗುತ್ತದೆ. ನಮ್ಮ 'ಕುಂಭ' ಶಬ್ದವನ್ನು ಈ ಗ್ರೀಕ್ ಶಬ್ದದೊಂದಿಗೆ ಹೋಲಿಸಿ ನೋಡಿದ ಭಾಷಾಶಾಸ್ತ್ರಜ್ಞರೂ ಇದ್ದಾರೆ. 'ಸಮಾಧಿಗಳ ನಡುವೆ' ಎಂಬ ಅರ್ಥದ ಲ್ಯಾಟಿನ್ ಪದಪುಂಜವೇ ರೂಪ ಬದಲಿಸಿಕೊಂಡು ಹೀಗಾಯಿತೆಂಬುದು ಇನ್ನೊಂದು ಅಭಿಪ್ರಾಯ.

ಊರಿನ ಒಂದು ತಗ್ಗಿನ ಹೆಸರು ಎಲ್ಲ ಕಡೆಯ ನೆಲಸಮಾಧಿಗಳ ಹೆಸರಾದದ್ದು ಹೇಗೆ? ಮಧ್ಯಯುಗದಲ್ಲಿ ರೋಮಿನ ಉಳಿದ ನೆಲಸಮಾಧಿಗಳು ಜನರ ನೆನಪಿನಿಂದ ಬಹುಮಟ್ಟಿಗೆ ಅಳಿಸಿಹೋದವು. ಸಂತ ಸೆಬಾಸ್ಟಿಯನ್ನನ ಸನ್ನಿಧಿಗೆ ಮಾತ್ರ ಯಾತ್ರಿಕರ ಓಡಾಟ ನಿಲ್ಲಲಿಲ್ಲ. ಕಣ್ಣೆದುರು ಉಳಿದ ಒಂದರ ಹೆಸರೇ ಮುಂದೆ ಪತ್ತೆಯಾದ ಎಲ್ಲದಕ್ಕೂ ಅಂಟಿಕೊಂಡಿತು.

ನೆಲದಡಿಗೆ ಹೋದ ಕಾರಣ

ಕ್ರಿ.ಪೂ. 450ರ ಸುಮಾರಿನ ರೋಮಿನ ಹನ್ನೆರಡು ಫಲಕಗಳ ಶಾಸನವು ನಗರದೊಳಗೆ ಶವವನ್ನು ಹೂಳುವುದನ್ನೂ ಸುಡುವುದನ್ನೂ ನಿಷೇಧಿಸಿತ್ತು. ಆದ್ದರಿಂದಲೇ ರೋಮಿನ ಹೆದ್ದಾರಿಗಳ ಇಕ್ಕೆಲಗಳಲ್ಲಿ, ಊರ ಗೋಡೆಯ ಆಚೆ ಸಮಾಧಿಗಳು ಸಾಲುಗಟ್ಟಿದವು. ಕ್ರಿಸ್ತಶಕದ ಆರಂಭದಲ್ಲಿ ರೋಮನ್ನರಲ್ಲಿ ದಹನವೇ ಹೆಚ್ಚಾಗಿ ರೂಢಿಯಲ್ಲಿತ್ತು. ಬೂದಿಯ ಗಡಿಗೆಗಳನ್ನಿಡಲು ಗೋಡೆಯ ತುಂಬ ಸಣ್ಣ ಗೂಡುಗಳಿದ್ದ ಕೋಣೆಗಳನ್ನು ಕಟ್ಟುತ್ತಿದ್ದರು. ನೋಡುವುದಕ್ಕೆ ಪಾರಿವಾಳದ ಗೂಡಿನಂತೆ ಇದ್ದುದರಿಂದ ಅವುಗಳಿಗೆ 'ಕೊಲುಂಬಾರಿಯುಮ್', ಅಂದರೆ ಪಾರಿವಾಳದ ಮನೆ ಎಂದೇ ಹೆಸರಾಯಿತು. ಎರಡನೆಯ ಶತಮಾನದಲ್ಲಿ ಹೂಳುವ ಪದ್ಧತಿ ಕ್ರಮೇಣ ಎಲ್ಲರಲ್ಲಿಯೂ ಹೆಚ್ಚಿತು. ಯೆಹೂದ್ಯರಲ್ಲಿಯೂ ಕ್ರೈಸ್ತರಲ್ಲಿಯೂ ಮೊದಲಿನಿಂದ ಇದ್ದುದು ಅದೇ ಪದ್ಧತಿ.

ಹೂಳಲು ಜಾಗ ಬೇಕು. ಮಹಾನಗರದ ಸುತ್ತ ಭೂಮಿಯ ಬೆಲೆ ಬಡವರ ಕೈಗೆ ಎಟುಕುವಂಥದಲ್ಲ. ಆದರೆ ರೋಮಿನ ಸುತ್ತಲಿನ ನೆಲಕ್ಕೆ ಒಂದು ಗುಣವಿತ್ತು. ಅಲ್ಲಿಯ 'ತೂಫ' ಎಂಬ ಜ್ವಾಲಾಮುಖಿಯ ಕಲ್ಲು ಅಗೆಯುವಾಗ ಮೃದುವಾಗಿರುತ್ತದೆ, ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ. ಹೀಗಾಗಿ ಮೇಲ್ನೆಲದಲ್ಲಿ ಸಿಗದ ಜಾಗವನ್ನು ನೆಲದ ಆಳದಲ್ಲಿ ಕಂಡುಕೊಂಡರು. ಒಂದು ಅಂತಸ್ತು ತುಂಬಿದರೆ ಅದರ ಕೆಳಗೆ ಇನ್ನೊಂದು. ಆಪ್ಪಿಯಾ ಹೆದ್ದಾರಿಯ ಬಳಿಯ ಕಾಲಿಸ್ಟಸ್ ಸಮಾಧಿ ಸಮುಚ್ಚಯವು ನಾಲ್ಕು ಅಂತಸ್ತುಗಳಲ್ಲಿ ಸುಮಾರು 20 ಕಿಲೋಮೀಟರಿನಷ್ಟು ಉದ್ದಕ್ಕೆ ಹರಡಿದೆ. ಅದರ ಆಳ 20 ಮೀಟರಿಗೂ ಹೆಚ್ಚು. ಡೊಮಿಟಿಲ್ಲಾ ಸಮಾಧಿಯ ಸುರಂಗಗಳ ಉದ್ದ ಸುಮಾರು 17 ಕಿಲೋಮೀಟರು. ರೋಮ್ ನಗರವೊಂದರ ಸುತ್ತಲೇ ಇಂಥವು ನಲವತ್ತಕ್ಕೂ ಹೆಚ್ಚು ಇವೆ.

ಇಷ್ಟನ್ನು ತೋಡಿದವರು 'ಫೊಸ್ಸೋರ್' ಎಂಬ ಕೆಲಸಗಾರರು. ಗುದ್ದಲಿ, ಬುಟ್ಟಿ ಮತ್ತು ಎಣ್ಣೆಯ ದೀಪ ಇವೇ ಅವರ ಸಲಕರಣೆ. ತೋಡಿದ ಮಣ್ಣನ್ನು ಮೇಲಕ್ಕೆ ಸಾಗಿಸಲು ಕೊರೆದ ಕಂಡಿಗಳೇ ಮುಂದೆ ಗಾಳಿ ಬೆಳಕಿನ ಕಿಂಡಿಗಳಾದವು. ಡೊಮಿಟಿಲ್ಲಾ ಸಮಾಧಿಯಲ್ಲಿ ಇಂಥ ಒಬ್ಬ ಕೆಲಸಗಾರನ ಚಿತ್ರವನ್ನೇ ಅವನ ಸಮಾಧಿಯ ಮೇಲೆ ಬರೆಯಲಾಗಿತ್ತು. ಅವನ ಹೆಸರು ಡಿಯೊಜೆನಿಸ್. ಚಕ್ರವರ್ತಿಗಳ ನಗರದಲ್ಲಿ ಮಣ್ಣು ಹೊತ್ತವನೊಬ್ಬನ ಹೆಸರೂ ಉಳಿಯಿತು ಎಂಬುದನ್ನು ನಾವು ಸಣ್ಣ ಸಂಗತಿಯೆಂದು ಎಣಿಸುವುದಿಲ್ಲ.

ಒಳಗಿನ ರಚನೆ ಮತ್ತು ಅಲ್ಲಿಯ ಹೆಸರುಗಳು

ಸುರಂಗಗಳು ಇಕ್ಕಟ್ಟಾದವು. ಅವುಗಳ ಎರಡೂ ಗೋಡೆಗಳಲ್ಲಿ ಒಂದರ ಮೇಲೊಂದರಂತೆ ಮಲಗಿಸುವ ಗೂಡುಗಳನ್ನು ಕೊರೆದಿದ್ದಾರೆ. ಇಂಥ ಗೂಡಿಗೆ 'ಲೊಕುಲಸ್', ಅಂದರೆ 'ಪುಟ್ಟ ಜಾಗ' ಎಂದು ಹೆಸರು. ಶವವನ್ನು ಬಟ್ಟೆಯಲ್ಲಿ ಸುತ್ತಿ ಅದರೊಳಗಿಟ್ಟು ಹೆಂಚಿನಿಂದಲೋ ಅಮೃತಶಿಲೆಯ ಹಲಗೆಯಿಂದಲೋ ಬಾಯಿ ಮುಚ್ಚಿ ಗಾರೆ ಮೆತ್ತುತ್ತಿದ್ದರು. ಹೆಸರು ಕೆತ್ತಿಸುವ ಶಕ್ತಿ ಇಲ್ಲದವರು ಗಾರೆ ಒಣಗುವ ಮೊದಲು ಅದರಲ್ಲಿ ಒಂದು ನಾಣ್ಯವನ್ನೋ ಗಾಜಿನ ಚೂರನ್ನೋ ಮಗುವಿನ ಆಟಿಕೆಯನ್ನೋ ಒತ್ತಿ ಹೋಗುತ್ತಿದ್ದರು. ಸಾವಿರಾರು ಗೂಡುಗಳ ಕತ್ತಲೆಯಲ್ಲಿ ತಮ್ಮವರನ್ನು ಗುರುತಿಸಿಕೊಳ್ಳಲು ಅವರಿಗೆ ಅಷ್ಟೇ ಸಾಕಾಗಿತ್ತು.

ಕುಟುಂಬದವರನ್ನೆಲ್ಲ ಒಟ್ಟಿಗೆ ಇರಿಸುವ ಕೋಣೆಗೆ 'ಕುಬಿಕುಲುಮ್' ಎನ್ನುತ್ತಿದ್ದರು. ಲ್ಯಾಟಿನ್ ಭಾಷೆಯ ದಿನಬಳಕೆಯಲ್ಲಿ ಆ ಶಬ್ದಕ್ಕೆ ಮಲಗುವ ಕೋಣೆ ಎಂದೇ ಅರ್ಥ. ಇನ್ನೂ ಗೌರವದ ಸಮಾಧಿಗಳಿಗೆ ಮೇಲೊಂದು ಕಮಾನು ಇರುತ್ತಿತ್ತು. ಅದನ್ನು 'ಆರ್ಕೊಸೋಲಿಯುಮ್' ಎಂದು ಕರೆಯುತ್ತಾರೆ. 'ಆರ್ಕುಸ್' ಎಂದರೆ ಕಮಾನು. 'ಸೋಲಿಯುಮ್' ಎಂಬ ಶಬ್ದಕ್ಕೆ ಲ್ಯಾಟಿನ್ನಿನಲ್ಲಿ ಸಿಂಹಾಸನ, ಪೀಠ ಎಂಬ ಅರ್ಥವೂ ಇದೆ, ಶವವಿರಿಸುವ ಕಲ್ಲಿನ ಪೆಟ್ಟಿಗೆ ಎಂಬ ಅರ್ಥವೂ ಇದೆ. ಪೀಠವನ್ನೂ ಸಮಾಧಿಯನ್ನೂ ಒಂದೇ ಶಬ್ದ ಸೂಚಿಸುವ ಇನ್ನೊಂದು ಉದಾಹರಣೆ ನಮ್ಮ ಭಾಷೆಯಲ್ಲಿಯೇ ಇದೆ. ಅದರ ವಿಚಾರವನ್ನು ಕೊನೆಯಲ್ಲಿ ಎತ್ತಿಕೊಳ್ಳುತ್ತೇವೆ.

ಗೋಡೆಗಳ ಮೇಲೆ ಕುರಿಮರಿಯನ್ನು ಹೆಗಲ ಮೇಲೆ ಹೊತ್ತ ಕುರುಬ, ಕೈಯೆತ್ತಿ ಪ್ರಾರ್ಥಿಸುವ ಸ್ತ್ರೀ, ಮೀನು, ಲಂಗರು, ಪಾರಿವಾಳ ಮುಂತಾದ ಚಿತ್ರಗಳಿವೆ. ಯೆಹೂದ್ಯರ ಸಮಾಧಿಗಳಲ್ಲಿ ಏಳು ಕವಲಿನ ದೀಪಸ್ತಂಭವೇ ಪ್ರಧಾನ ಚಿಹ್ನೆ. ಸಾವನ್ನು ಭಯಂಕರವಾಗಿ ತೋರಿಸುವ ಚಿತ್ರಗಳು ಅಪರೂಪ.

ಅವರು ತಾವೇ ಕರೆದ ಹೆಸರು

ಕ್ಯಾಟಕೂಂಬ್ ಎಂಬುದು ಒಂದು ತಗ್ಗಿನ ಹೆಸರಾದರೆ, ಅಲ್ಲಿ ತಮ್ಮವರನ್ನು ಇರಿಸಿದ ಜನ ಆ ಜಾಗವನ್ನು ಏನೆಂದು ಕರೆಯುತ್ತಿದ್ದರು? 'ಕೊಯಿಮೆತೇರಿಯೊನ್' ಎಂದು. ಇದು ಗ್ರೀಕ್ ಶಬ್ದ. 'ಮಲಗುವ ಸ್ಥಳ' ಎಂದು ಇದರ ಅರ್ಥ. ಇಂಗ್ಲಿಷಿನ ಸೆಮೆಟರಿ ಎಂಬ ಶಬ್ದ ಹುಟ್ಟಿದ್ದು ಇದರಿಂದಲೇ. ಸತ್ತವರು ನಿದ್ರಿಸುತ್ತಿದ್ದಾರೆ, ಒಂದು ದಿನ ಏಳುತ್ತಾರೆ ಎಂಬುದು ಕ್ರೈಸ್ತರ ನಂಬಿಕೆ. ಆ ನಂಬಿಕೆಯನ್ನೇ ಅವರು ಜಾಗದ ಹೆಸರಾಗಿಸಿದರು. ರೋಮಿನ ಯೆಹೂದ್ಯರ ಸಮಾಧಿ ಬರಹಗಳಲ್ಲಿಯೂ ನಿದ್ರೆ ಶಾಂತವಾಗಿರಲಿ ಎಂಬ ಹಾರೈಕೆ ಮತ್ತೆ ಮತ್ತೆ ಕಾಣಸಿಗುತ್ತದೆ.

ಸಮಾಧಿಯ ಬರಹಗಳಲ್ಲಿ ಪುನಃ ಪುನಃ ಬರುವ ಇನ್ನೊಂದು ಶಬ್ದ 'ದೆಪೊಸಿತುಸ್'. ಹೂಳಲ್ಪಟ್ಟವನು ಎಂಬರ್ಥದಲ್ಲಿ ಬಳಸುವ ಈ ಶಬ್ದಕ್ಕೆ ಮೂಲದಲ್ಲಿ 'ಒಪ್ಪಿಸಿ ಇಡಲ್ಪಟ್ಟವನು' ಎಂದರ್ಥ. ನಮ್ಮ ವ್ಯವಹಾರದ ಭಾಷೆಯಲ್ಲಿ ಹೇಳುವುದಾದರೆ ಠೇವಣಿ. ಠೇವಣಿಯಾಗಿ ಇಟ್ಟದ್ದು ಕಳೆದುಹೋದದ್ದಲ್ಲ. ನೆಲಕ್ಕೆ ಎಸೆದುದಕ್ಕೂ ನೆಲಕ್ಕೆ ಒಪ್ಪಿಸಿದುದಕ್ಕೂ ಇರುವ ಅಂತರವನ್ನು ಈ ಒಂದು ಶಬ್ದ ಹೇಳುತ್ತದೆ.

ಇದು ಬರಿಯ ಮಾತಾಗಿ ಉಳಿಯಲಿಲ್ಲ. ಕ್ರಿ.ಶ. 197ರ ಸುಮಾರಿಗೆ ಬರೆದ ತನ್ನ ಸಮರ್ಥನಾ ಗ್ರಂಥದಲ್ಲಿ ತೆರ್ತುಲ್ಲಿಯನ್ ಎಂಬ ಲೇಖಕ, ಕ್ರೈಸ್ತರು ತಿಂಗಳಿಗೊಮ್ಮೆ ಶಕ್ತ್ಯನುಸಾರ ಹಣ ಸೇರಿಸಿ ಬಡವರ ಊಟಕ್ಕೂ ಅವರ ಶವಸಂಸ್ಕಾರಕ್ಕೂ ಬಳಸುತ್ತಿದ್ದರೆಂದು ತಿಳಿಸುತ್ತಾನೆ. ಮೂರನೆಯ ಶತಮಾನದ ಆರಂಭದಲ್ಲಿ ಪೋಪ್ ಜೆಫಿರಿನಸ್ ರೋಮಿನ ಸಮಾಧಿಭೂಮಿಯ ಮೇಲ್ವಿಚಾರಣೆಯನ್ನು ಕಾಲಿಸ್ಟಸ್ ಎಂಬುವನಿಗೆ ವಹಿಸಿದ. ಮುಂದೆ ಈ ಕಾಲಿಸ್ಟಸ್ ತಾನೇ ಪೋಪ್ ಆದ. ಆತನ ಹೆಸರಿನ ಸಮಾಧಿ ಸಮುಚ್ಚಯದಲ್ಲಿ ಮೂರನೆಯ ಶತಮಾನದ ಒಂಬತ್ತು ಮಂದಿ ಪೋಪರನ್ನು ಇರಿಸಿದ ಕೋಣೆಯಿದೆ. ಅದೇ ಸುರಂಗಗಳಲ್ಲಿ ಹೆಸರಿಲ್ಲದ ಬಡವರ ಗೂಡುಗಳೂ ಇವೆ.

ಅಡಗುದಾಣವೆಂಬ ಕಥೆ

ರೋಮನ್ ಅಧಿಕಾರಿಗಳ ಹಿಂಸೆಗೆ ಹೆದರಿ ಕ್ರೈಸ್ತರು ಈ ಸುರಂಗಗಳಲ್ಲಿ ಅಡಗಿ ಬಾಳಿದರೆಂಬ ಕಥೆ ಕಾದಂಬರಿ, ಚಲನಚಿತ್ರಗಳಿಂದ ಪ್ರಚಾರ ಪಡೆದಿದೆ. ಅದು ಸರಿಯಲ್ಲ. ಈ ಸಮಾಧಿಗಳು ಹೆದ್ದಾರಿಗಳ ಬದಿಯಲ್ಲಿದ್ದವು, ಅಧಿಕಾರಿಗಳಿಗೆ ಅವುಗಳ ಜಾಗ ಗೊತ್ತಿತ್ತು. ಶವಗಳಿಂದ ತುಂಬಿದ ಗಾಳಿಯಾಡದ ಓಣಿಗಳಲ್ಲಿ ಜನ ವಾಸಿಸುವುದೂ ಸಾಧ್ಯವಿರಲಿಲ್ಲ. ಸಮಾಧಿಗಳಿಗೆ ರೋಮನ್ ಕಾನೂನಿನ ರಕ್ಷಣೆಯೂ ಇತ್ತು. ಜನ ಅಲ್ಲಿಗೆ ಹೋಗುತ್ತಿದ್ದುದು ಹೂಳಲು, ಪುಣ್ಯದಿನಗಳಲ್ಲಿ ನೆನೆಯಲು, ಪ್ರಾರ್ಥಿಸಲು ಮತ್ತು ಸ್ಮರಣೆಯ ಊಟ ಮಾಡಲು.

ಆದರೆ ಕಥೆಯ ಹಿಂದೆ ಒಂದು ಕಹಿಸತ್ಯವೂ ಇದೆ. 257ರಲ್ಲಿ ವಲೇರಿಯನ್ ಚಕ್ರವರ್ತಿ ಕ್ರೈಸ್ತರು ಸಮಾಧಿಭೂಮಿಗಳಲ್ಲಿ ಸೇರುವುದನ್ನೇ ನಿಷೇಧಿಸಿದ. ಮರುವರ್ಷ ಪೋಪ್ ಎರಡನೆಯ ಸಿಕ್ಸ್ಟಸ್‌ನನ್ನು ಸಮಾಧಿಭೂಮಿಯಲ್ಲಿಯೇ ಹಿಡಿದು ಕೊಲ್ಲಲಾಯಿತು. ಸತ್ತವರ ಬಳಿಗೆ ಹೋಗುವುದನ್ನು ತಡೆದರೆ ಬದುಕಿರುವವರ ಒಗ್ಗಟ್ಟು ಮುರಿಯುತ್ತದೆ ಎಂದು ಅಧಿಕಾರಕ್ಕೂ ಗೊತ್ತಿತ್ತು.

ಮರೆವು ಮತ್ತು ಮರುಶೋಧ

313ರಲ್ಲಿ ಹಿಂಸೆ ಕೊನೆಗೊಂಡ ಮೇಲೂ ತೋಡುವ ಕೆಲಸ ನಿಲ್ಲಲಿಲ್ಲ, ಬದಲಾಗಿ ಹೆಚ್ಚಿತು. 410ರಲ್ಲಿ ಅಲಾರಿಕ್ ರೋಮನ್ನು ಸೂರೆಗೊಂಡ ಕಾಲದ ಸುಮಾರಿಗೆ ಅದು ನಿಂತುಹೋಯಿತು. ಎಂಟು ಮತ್ತು ಒಂಬತ್ತನೆಯ ಶತಮಾನಗಳಲ್ಲಿ ಸಂತರ ಅಸ್ಥಿಗಳನ್ನು ನಗರದೊಳಗಿನ ಇಗರ್ಜಿಗಳಿಗೆ ಸಾಗಿಸಿದರು. ಬಾಗಿಲುಗಳ ಮೇಲೆ ಮಣ್ಣು ಬಿದ್ದು ಬಳ್ಳಿ ಹಬ್ಬಿತು.

1578ರಲ್ಲಿ ಸಲಾರಿಯಾ ಹೆದ್ದಾರಿಯ ಬಳಿಯ ದ್ರಾಕ್ಷಿತೋಟದಲ್ಲಿ ಕೆಲಸಗಾರರು ಅಗೆಯುತ್ತಿದ್ದಾಗ ಚಿತ್ರಗಳಿದ್ದ ಒಂದು ನೆಲಸಮಾಧಿ ತೆರೆದುಕೊಂಡಿತು. ತಮ್ಮ ಕಾಲ ಕೆಳಗೆ ಇನ್ನೊಂದು ನಗರವಿದೆ ಎಂದು ರೋಮಿನ ಜನ ಬೆರಗಾದರು. 1593ರಲ್ಲಿ ಆಂಟೋನಿಯೊ ಬೋಸಿಯೊ ಎಂಬ ತರುಣ ವಿದ್ವಾಂಸ ಡೊಮಿಟಿಲ್ಲಾ ಸಮಾಧಿಯೊಳಗೆ ಇಳಿದು ದಾರಿ ತಪ್ಪಿ, ಅಲ್ಲಿಯೇ ಸಾಯುವೆನೆಂದು ಹೆದರಿ ಹೇಗೋ ಹೊರಬಂದ. ಆಮೇಲೂ ತನ್ನ ಬಾಳನ್ನೆಲ್ಲ ಅದೇ ಶೋಧಕ್ಕೆ ಮುಡಿಪಾಗಿಟ್ಟ. ಹತ್ತೊಂಬತ್ತನೆಯ ಶತಮಾನದಲ್ಲಿ ಜೊವಾನಿ ಬತ್ತಿಸ್ತಾ ದೆ ರೊಸ್ಸಿ ಆ ಕೆಲಸವನ್ನು ಶಾಸ್ತ್ರೀಯವಾಗಿ ಮುಂದುವರಿಸಿದ. 1849ರಲ್ಲಿ ದ್ರಾಕ್ಷಿತೋಟವೊಂದರಲ್ಲಿ ಸಿಕ್ಕ ಒಡೆದ ಅಮೃತಶಿಲೆಯ ತುಂಡಿನ ಮೇಲಿನ ಅರ್ಧ ಹೆಸರಿನಿಂದ ಅದು ಪೋಪ್ ಕೊರ್ನೇಲಿಯಸ್‌ನ ಸಮಾಧಿಯ ಕಲ್ಲೆಂದು ಊಹಿಸಿದ. ಅದೇ ಜಾಡು ಹಿಡಿದು 1854ರಲ್ಲಿ ಪೋಪರ ಕೋಣೆಯನ್ನು ಪತ್ತೆಹಚ್ಚಿದ.

ಹೆಸರು ಪ್ಯಾರಿಸ್ಸಿಗೆ ಹೋದಾಗ

ಹೆಸರು ಒಂದೇ ಆದರೂ ಭಾವ ಬೇರೆಯಾಗಬಲ್ಲದೆಂಬುದಕ್ಕೆ ಪ್ಯಾರಿಸ್ ನಿದರ್ಶನ. ಆ ನಗರವನ್ನು ಕಟ್ಟಲು ಸುಣ್ಣಕಲ್ಲು ತೆಗೆದ ಹಳೆಯ ಗಣಿಗಳು ಅದರ ಅಡಿಯಲ್ಲಿಯೇ ಇದ್ದವು. 1774ರಲ್ಲಿ ಒಂದು ರಸ್ತೆ ಕುಸಿದ ಮೇಲೆ, 1777ರಲ್ಲಿ ಗಣಿಗಳನ್ನು ಪರಿಶೀಲಿಸಿ ಭದ್ರಪಡಿಸುವ ಇಲಾಖೆಯನ್ನು ಸ್ಥಾಪಿಸಲಾಯಿತು. ಇತ್ತ ನಗರದ ನಡುವಿನ ಇನ್ನೊಸೆಂಟ್ಸ್ ಸ್ಮಶಾನ ಶತಮಾನಗಳ ಶವಗಳಿಂದ ತುಂಬಿತುಳುಕಿ, 1780ರಲ್ಲಿ ಪಕ್ಕದ ಮನೆಯ ನೆಲಮಾಳಿಗೆಯ ಗೋಡೆಯೇ ಕುಸಿಯಿತು. ಸ್ಮಶಾನವನ್ನು ಮುಚ್ಚಿದರು. 1785ರಿಂದ ಅಲ್ಲಿಯ ಮೂಳೆಗಳನ್ನು ರಾತ್ರಿಯ ಹೊತ್ತು, ಪಾದ್ರಿಗಳ ಪ್ರಾರ್ಥನೆಯೊಂದಿಗೆ, ಗಾಡಿಗಳಲ್ಲಿ ಗಣಿಗಳಿಗೆ ಸಾಗಿಸಿದರು. 1786ರ ಏಪ್ರಿಲ್ 7ರಂದು ಆ ಗಣಿಯನ್ನು ಪವಿತ್ರಸ್ಥಳವೆಂದು ವಿಧ್ಯುಕ್ತವಾಗಿ ಘೋಷಿಸಿದರು. ರೋಮಿನ ಸಮಾಧಿಗಳ ನೆನಪಿನಲ್ಲಿ ಅದಕ್ಕೂ ಕ್ಯಾಟಕೂಂಬ್ ಎಂದೇ ಹೆಸರಾಯಿತು.

ಅಲ್ಲಿ ಅರುವತ್ತು ಲಕ್ಷಕ್ಕೂ ಹೆಚ್ಚು ಜನರ ಅಸ್ಥಿಗಳಿವೆಯೆಂದು ಅಂದಾಜು. ತೊಡೆಯ ಮೂಳೆ, ತಲೆಬುರುಡೆಗಳನ್ನು ಗೋಡೆಯಂತೆ ಜೋಡಿಸಿದ್ದಾರೆ. ಯಾವ ಸ್ಮಶಾನದಿಂದ ತಂದವೆಂಬ ಫಲಕವಿದೆ. ಯಾರ ಮೂಳೆ ಎಂಬುದಿಲ್ಲ. ಅರಸನ ಆಸ್ಥಾನದವನೂ ಕೂಲಿಯವನೂ ಒಂದೇ ರಾಶಿಯಲ್ಲಿದ್ದಾರೆ. ಸಾವಿನೆದುರು ಎಲ್ಲರೂ ಸಮಾನರೆಂದು ಕೆಲವರು ಇದನ್ನು ಮೆಚ್ಚಿಕೊಳ್ಳಬಹುದು. ಆದರೆ ಹೆಸರಳಿದು ಬಂದ ಸಮಾನತೆ ಬೇರೆ, ಬಡವನ ಹೆಸರನ್ನೂ ಉಳಿಸಿಕೊಟ್ಟ ಸಮಾನತೆ ಬೇರೆ. ಗಾರೆಯಲ್ಲಿ ಆಟಿಕೆ ಒತ್ತಿ ಹೋದ ತಾಯಿ ಬಯಸಿದ್ದು ಎರಡನೆಯದನ್ನು.

ನಮ್ಮ ನುಡಿಯಲ್ಲಿ

ಇನ್ನು ನಮ್ಮ ಶಬ್ದಗಳ ಕಡೆಗೆ ತಿರುಗೋಣ. 'ಶ್ಮಶಾನ' ಎಂಬ ಶಬ್ದವನ್ನು ಯಾಸ್ಕನ ನಿರುಕ್ತವು ಶರೀರದ ಶಯನಸ್ಥಾನ ಎಂದೇ ಬಿಡಿಸುತ್ತದೆ. ಸಾವಿರಾರು ಮೈಲು ದೂರದ ಗ್ರೀಕರ 'ಮಲಗುವ ಸ್ಥಳ'ಕ್ಕೂ ಇದಕ್ಕೂ ಇರುವ ಹೋಲಿಕೆ ಆಶ್ಚರ್ಯಕರ. 'ಸಮಾಧಿ' ಎಂಬುದು ಮೊದಲು ಚಿತ್ತದ ಏಕಾಗ್ರತೆಯ ಹೆಸರು. ಯೋಗಿಯ ದೇಹವನ್ನಿರಿಸಿದ ಸ್ಥಳಕ್ಕೆ ಆಮೇಲೆ ಬಂದದ್ದು.

'ಗದ್ದುಗೆ' ಇವೆರಡಕ್ಕಿಂತ ಭಿನ್ನ. ಗದ್ದುಗೆ ಎಂದರೆ ಪೀಠ, ಆಸನ. ಅರಸನು ಏರುವುದು ಗದ್ದುಗೆ, ಗುರುಗಳು ಲಿಂಗೈಕ್ಯರಾದ ಮೇಲೆ ನಾವು ನಮಸ್ಕರಿಸುವುದೂ ಗದ್ದುಗೆಯೇ. ಲ್ಯಾಟಿನ್ನಿನ 'ಸೋಲಿಯುಮ್' ಶಬ್ದಕ್ಕಿರುವ ಎರಡು ಅರ್ಥಗಳೇ ಇಲ್ಲಿಯೂ ಇವೆ. ಆದರೆ ರೋಮಿನ ಕಮಾನಿನ ಕೆಳಗೆ ದೇಹವನ್ನು ಮಲಗಿಸುತ್ತಿದ್ದರು, ಹೆಸರಿನಲ್ಲಷ್ಟೇ ಪೀಠ. ನಮ್ಮಲ್ಲಿ ಹೆಸರೂ ಆಚರಣೆಯೂ ಒಂದೇ. ಲಿಂಗವಂತರಲ್ಲಿ ಅಗಲಿದವರನ್ನು ವಿಮಾನದಲ್ಲಿ ಕುಳ್ಳಿರಿಸಿ ಕರೆದೊಯ್ಯುತ್ತೇವೆ. ಕುಣಿಯ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಕುಳ್ಳಿರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ವಿಭೂತಿ ಬಿಲ್ವಪತ್ರೆಗಳೊಡನೆ ಮಣ್ಣಿಗೆ ಒಪ್ಪಿಸುತ್ತೇವೆ. ಬದುಕಿರುವಾಗ ಪ್ರತಿದಿನ ಪೂಜೆಗೆ ಕುಳಿತ ಭಂಗಿಯಲ್ಲಿಯೇ ಕೊನೆಯ ದಿನವೂ ಕುಳಿತಿರುತ್ತಾರೆ. ಇಲ್ಲಿ ಸಾವು ನಿದ್ರೆಯಲ್ಲ. ನಡುವೆ ಎದ್ದುಹೋಗಬೇಕಾಗಿಲ್ಲದ ಪೂಜೆ.

ಕುಳಿ, ಹಾಸಿಗೆ, ಪೀಠ: ನೆಲದಡಿಯ ಒಂದೇ ಜಾಗಕ್ಕೆ ಈ ಮೂರು ಹೆಸರುಗಳು. ಹೊರಗಿನಿಂದ ನೋಡಿದವನಿಗೆ ಅದು ಕುಳಿ, ಆದ್ದರಿಂದ ಕ್ಯಾಟಕೂಂಬ್ ಎಂಬ ಹೆಸರು ನಿಂತಿತು. ತನ್ನವರನ್ನು ಅಲ್ಲಿ ಇರಿಸಿ ಬಂದವನಿಗೆ ಅದು ಎಂದೂ ಕುಳಿಯಾಗಿರಲಿಲ್ಲ. ಹೆಸರಿಗೆ ತಕ್ಕ ಹೊಣೆಯೂ ಇರುತ್ತದೆ. ಹಾಸಿಗೆ ಎಂದವರು ಬಡವನಿಗೂ ಮಲಗಲು ಜಾಗ ಸಿಗಬೇಕೆಂದು ತಿಂಗಳ ಕಾಣಿಕೆ ಕೂಡಿಸಿ ಕಲ್ಲು ಕೊರೆಸಿದರು. ಪೀಠ ಎನ್ನುವ ನಾವು ಗುರುಗಳ ಗದ್ದುಗೆಗಳಿಗೆ ಶಿಲಾಮಂಟಪ ಕಟ್ಟಿಸುತ್ತೇವೆ; ಅದು ಭಕ್ತಿ, ತಪ್ಪಲ್ಲ. ಆದರೆ ಊರಿನ ರುದ್ರಭೂಮಿಗೆ ದಾರಿಯಿಲ್ಲದೆ ಗದ್ದೆಯ ಬದುವಿನ ಮೇಲೆ ವಿಮಾನ ಹೊತ್ತು ನಡೆಯುವ ಬಡ ಕುಟುಂಬ ನಮ್ಮ ಕಣ್ಣಿಗೆ ಬೀಳದಿದ್ದರೆ ಗದ್ದುಗೆ ಎಂಬ ಶಬ್ದದ ಅರ್ಧವನ್ನಷ್ಟೇ ನಾವು ಅರಿತಂತೆ. ಅಂಗೈಯಲ್ಲಿ ಲಿಂಗವಿರಿಸಿಕೊಂಡು ಕುಳಿತ ಕೂಲಿಯವನದೂ ಪೀಠವೇ.

ಶರಣರ ಗುಣವನ್ನು ಮರಣದಲ್ಲಿ ಕಾಣು ಎಂಬ ಗಾದೆ ನಮ್ಮ ಜನರಲ್ಲಿದೆ. ಸಮಾಜದ ಗುಣವನ್ನೂ ಅಲ್ಲಿಯೇ ಕಾಣಬಹುದೆಂದು ನಮಗೆ ತೋರುತ್ತದೆ. ಸತ್ತವರನ್ನು, ಅವರಲ್ಲಿಯೂ ಹಿಂದೆ ಮುಂದೆ ಯಾರೂ ಇಲ್ಲದವರನ್ನು, ಅದು ಹೇಗೆ ಮಣ್ಣಿಗೆ ಒಪ್ಪಿಸುತ್ತದೆ ಎಂಬುದರಲ್ಲಿ. ಕ್ಯಾಟಕೂಂಬಿನ ಅರ್ಥ ಕೇಳಿಕೊಂಡು ಬಂದ ಭಕ್ತರು ತಮ್ಮ ಊರಿಗೆ ಮರಳಿದ ಮೇಲೆ ಒಮ್ಮೆ ಅಲ್ಲಿಯ ರುದ್ರಭೂಮಿಗೂ ಹೋಗಿ ನೋಡಿ ಬರಲಿ ಎಂದು ಹಾರೈಸುತ್ತೇವೆ.